21 ಬೇಡ, 19 ಸಾಕು

8 ನವೆಂಬರ್ 2025, ಶನಿವಾರ
ಬೆತಿಂ, ಗೋವಾ

ರಿಪೇರಿಗೆ ಬಂದ ಈ ಬೋಟ್ 24 ಅಡಿ ಉದ್ದ. ಒಳಗಿರೋದು 5.7 ಲೀಟರಿನ ಮರ್ಕ್ರೂಸರ್ ವಿ8. 1980ರ ದಶಕದ್ದು, ಕಾರ್ಬುರೇಟರ್ ಕಾಲದ ಎಂಜಿನ್. ಮಾಲೀಕರು ಬೆಳಗಾವಿಯವರು. ಬಂದವರೇ, "ಏನ್ರೀ, ಮೊದಲಿನಂಗ ಓಡವಲ್ದು. ಇನ್ನೂ ದೊಡ್ಡ ಪಿಚ್ಚಿನ ಫ್ಯಾನ್ ಹಾಕ್ರಿ" ಅಂದರು. ಫ್ಯಾನ್ ಅಂದರೆ ಪ್ರೊಪೆಲ್ಲರ್; ಪಿಚ್ ಅಂದರೆ ಅದು ಒಂದು ಸುತ್ತಿಗೆ ಮುಂದೆ ಹೋಗಬೇಕಾದ ದೂರ.

"ಫ್ಯಾನ್ ಆಮೇಲೆ ಸರ್, ಮೊದಲು ಎಂಜಿನ್" ಅಂದೆ. ಮುಖ ಸಣ್ಣದಾಯಿತು. ಹೊಳೆಯೋ ಸ್ಟೀಲ್ ಪ್ರೊಪೆಲ್ಲರ್ ಕೊಳ್ಳೋ ಹುರುಪಲ್ಲಿದ್ದರು, ಪಾಪ.

ಬೆಳಿಗ್ಗೆ ಇದ್ದ ಹಾಗೇ ಓಡಿಸಿ ನೋಡಿದ್ದೆ. ಲಿವರ್ ಪೂರ್ತಿ ತಳ್ಳಿದರೂ 3900 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು). ಈ ಎಂಜಿನ್ 4400ರಿಂದ 4800ರ ನಡುವೆ ತಿರುಗಬೇಕು. ಗೇರ್ 1.5ಕ್ಕೆ 1, ಅಂದರೆ ಪ್ರೊಪೆಲ್ಲರ್ ನಿಮಿಷಕ್ಕೆ 2600 ಸುತ್ತು. ಪಿಚ್ 21 ಇಂಚು. ನೀರು ಮರದಷ್ಟು ಗಟ್ಟಿ ಇದ್ದಿದ್ದರೆ ಸ್ಕ್ರೂ ಇಳಿದ ಹಾಗೆ ಪ್ರತಿ ಸುತ್ತಿಗೂ 21 ಇಂಚು ಮುಂದೆ ಹೋಗಬೇಕಿತ್ತು. ಆ ಲೆಕ್ಕಕ್ಕೆ ಗಂಟೆಗೆ 83 ಕಿ.ಮೀ. ಜಿಪಿಎಸ್ ತೋರಿಸಿದ್ದು 66. ಐದರಲ್ಲಿ ಒಂದು ಪಾಲು ನೀರಲ್ಲೇ ಜಾರಿಹೋಯಿತು. ಇಂಥ ಬೋಟಿಗೆ ಇದು ಜಾಸ್ತಿ.

ಓಡಿಸೋ ಮೊದಲು ಪ್ರೊಪೆಲ್ಲರಿನ ಹಬ್‌ನ (ನಡುವಿನ ಭಾಗದ) ಒಳಬಳೆಯಿಂದ ಹೊರಬಳೆಯ ತನಕ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೆ. ನಡುವಿನ ರಬ್ಬರ್ ಸಡಿಲವಾಗಿದ್ದರೆ ಗೆರೆ ಮುರಿದು ಎರಡಾಗುತ್ತದೆ. ಆಗಿರಲಿಲ್ಲ. ಬೋಟ್ ಮೇಲೆತ್ತಿದರೆ ತಳದ ತುಂಬ ಚಿಪ್ಪು. ನೀರಿಗಿಳಿದು ಒಂದೇ ತಿಂಗಳು ನೋಡಿ! ಕೆರೆಯೋದಕ್ಕೇ ಅರ್ಧ ದಿನ ಹೋಯಿತು.

ಎಂಟೂ ಸಿಲಿಂಡರಿನ ಕಂಪ್ರೆಶನ್ (ಒಳಗಿನ ಒತ್ತಡ) ಹತ್ತಿರ ಹತ್ತಿರ ಒಂದೇ. ಅಷ್ಟರಲ್ಲಿ ಉಸಿರು ಬಂತು. ಫಿಲ್ಟರಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿದೆ. ತಳದಲ್ಲಿ ಎರಡು ಬೆರಳು ನೀರು. ಈಗಿನ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲ್ ತೇವ ಹೀರುತ್ತದೆ, ನಿಲ್ಲಿಸಿಟ್ಟ ಬೋಟಿಗೆ ಶತ್ರು. ಆಮೇಲೆ ಪ್ಲಗ್ಗಿನ ವೈರುಗಳು. 5 ಮತ್ತು 7 ಅಕ್ಕಪಕ್ಕದ ಸಿಲಿಂಡರ್, ಕಿಡಿ ಹಾರೋದೂ ಒಂದರ ಹಿಂದೆ ಒಂದು. ಅವೆರಡರ ವೈರನ್ನೇ ಯಾರೋ ಅಂದವಾಗಿ ಒಟ್ಟಿಗೆ ಕಟ್ಟಿದ್ದರು! ಒಂದರ ಕಿಡಿ ಇನ್ನೊಂದಕ್ಕೆ ಹಾರಬಹುದು. ಬಿಡಿಸಿ ದೂರ ಇಟ್ಟೆ.

ನಿಜವಾದ ಕಳ್ಳ ಸಿಕ್ಕಿದ್ದು ಸಂಜೆ. ಎಂಜಿನ್ ಆಫ್ ಮಾಡಿ, ಕಾರವಾರದ ಹುಡುಗನಿಗೆ ಲಿವರ್ ತಳ್ಳು ಅಂದು ಕಾರ್ಬುರೇಟರಿನೊಳಗೆ ಟಾರ್ಚ್ ಬಿಟ್ಟೆ. ಪೂರ್ತಿ ಸ್ಪೀಡಿಗೆ ಗಾಳಿ ಒಳಬಿಡೋ ಹಿಂದಿನ ಎರಡು ದೊಡ್ಡ ಬಾಯಿ ಅರ್ಧವೂ ತೆರೆದಿಲ್ಲ.

"ಪೂರ್ತಿ ತಳ್ಳಿದ್ದೀಯೇನೋ?"

"ಇನ್ನೆಲ್ಲಿ ತಳ್ಳಲಿ ಅಣ್ಣಾ, ಕೊನೆಗೆ ಬಂದೈತಿ."

ಲಿವರಿನಿಂದ ಬರೋ ಕೇಬಲ್ ಅಡ್ಜಸ್ಟ್ ತಪ್ಪಿತ್ತು. ಹತ್ತು ನಿಮಿಷದ ಕೆಲಸ.

9 ನವೆಂಬರ್, ಭಾನುವಾರ

ಗಾಳಿ ಏಳೋ ಮೊದಲೇ ಹೊರಟೆವು. ಮಾಂಡೋವಿಯಲ್ಲಿ (ನಮ್ಮ ಮಹದಾಯಿಯೇ, ಇಲ್ಲಿ ಹೆಸರು ಬೇರೆ) ಫೆರಿ, ಕ್ಯಾಸಿನೊ ಹಡಗುಗಳ ನಡುವೆ ನಿಧಾನವಾಗಿ ಸಾಗಿ, ಮಿರಾಮಾರ್ ದಾಟಿ ಅಗ್ವಾಡ ಕೊಲ್ಲಿಗೆ. ಹೋಗ್ತಾ ಒಮ್ಮೆ, ಬರ್ತಾ ಒಮ್ಮೆ ಓಡಿಸಿ ಸರಾಸರಿ ತೆಗೆದೆ. ಇಲ್ಲದಿದ್ದರೆ ಇಳಿತದ ಸೆಳೆತ ಸುಮ್ನೆ ಮೋಸ ಮಾಡುತ್ತದೆ.

ಅದೇ 21ರಲ್ಲಿ 4200 ಆರ್‌ಪಿಎಂ, 74 ಕಿ.ಮೀ. ಒಂದು ಪೈಸೆಯ ಪ್ರೊಪೆಲ್ಲರ್ ಕೊಳ್ಳದೆ ಎಂಟು ಸಿಕ್ಕಿತು. ಆದರೂ ಎಂಜಿನ್ ಏದುಸಿರು ಬಿಡುತ್ತಿತ್ತು.

ಮಾಲೀಕರಿಗೆ ಕೇಳಿದೆ, "ಚೋರ್ಲಾ ಘಾಟನ್ನ ಟಾಪ್ ಗೇರಲ್ಲಿ ಹತ್ತಿಸ್ತೀರಾ ಸರ್?" ಬೋಟಿಗೆ ಇಳಿಜಾರೇ ಇಲ್ಲ, ಸದಾ ಘಾಟೇ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ಶೆಡ್ಡಿನಲ್ಲಿದ್ದ 19ರ ಅಲ್ಯೂಮಿನಿಯಂ ಫ್ಯಾನ್ ಹಾಕಿದೆವು. 4600 ಆರ್‌ಪಿಎಂ. 76 ಕಿ.ಮೀ. ಜಾರಿಕೆ 14 ಪರ್ಸೆಂಟಿಗೆ ಇಳಿಯಿತು.

"ಸಣ್ಣ ಪಿಚ್ಚಿಗೆ ಜಾಸ್ತಿ ಸ್ಪೀಡ್? ಇದ್ಯಾವ ಲೆಕ್ಕರೀ?" ಅಂದರು. ನಂಬಲಿಲ್ಲ, ಇನ್ನೊಂದು ಸಲ ಓಡಿಸಿದರು. ಆಮೇಲೆ ಟ್ಯಾಂಕ್ ತುಂಬಿಸಿ, ಆರು ಜನ ಕೂತು ನೋಡಿದೆವು. 4450. ಭಾರ ಇದ್ದಾಗಲೂ 4400ರ ಕೆಳಗೆ ಇಳಿಯಲಿಲ್ಲ, ನನಗೆ ಬೇಕಿದ್ದುದು ಅದೇ.

ಸ್ಟೀಲಿನ ಆಸೆ ಅವರಿಗಿನ್ನೂ ಬಿಟ್ಟಿಲ್ಲ. ಸ್ಟೀಲ್ ಅಷ್ಟು ಸುಲಭಕ್ಕೆ ಬಾಗುವುದಿಲ್ಲ, ಎಲೆ ತೆಳ್ಳಗಿರುತ್ತದೆ, ಸ್ಪೀಡು ಇನ್ನೂ ಸ್ವಲ್ಪ ಬರಬಹುದು, ನಿಜ. ಆದರೆ ಕಲ್ಲಿಗೆ ತಗುಲಿದರೆ ಅಲ್ಯೂಮಿನಿಯಂ ತಾನು ಮುರಿದು ಗೇರ್ ಉಳಿಸುತ್ತದೆ. ಸ್ಟೀಲ್ ಆ ಪೆಟ್ಟನ್ನು ಒಳಗೆ ಕಳಿಸುತ್ತದೆ. ಹಳೇ ಡ್ರೈವಿನ (ಎಂಜಿನ್ನಿನ ಶಕ್ತಿ ಪ್ರೊಪೆಲ್ಲರಿಗೆ ಒಯ್ಯೋ ಭಾಗ) ಗೇರ್ ಹುಡುಕೋ ಪಾಡು ನನಗೆ ಗೊತ್ತು.

21ನ್ನು ಗುಜರಿಗೆ ಹಾಕಬೇಡಿ, ಸ್ಪೇರ್ ಅಂತ ಬೋಟಲ್ಲೇ ಇರಲಿ ಅಂದೆ. ಜೊತೆಗೆ ಒಂದು ನಟ್ಟು, ಸ್ಪ್ಯಾನರ್ರು.