ಕೋಲಾರದಿಂದ ತಿರುಪತಿಗೆ ಪಾದಯಾತ್ರೆ: ಮೊದಲು ಇಳಿಯುವುದನ್ನು ಕಲಿಯಿರಿ

ಕೋಲಾರದಿಂದ ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು ದಾಟಿ ತಿರುಪತಿಗೆ ಹತ್ತಿರಹತ್ತಿರ 180 ಕಿ.ಮೀ. ದಿನಕ್ಕೆ 30 ಕಿ.ಮೀ. ನಡೆದರೆ ಆರು ದಿನ. ಹೆಚ್ಚಿನವರು ಸೋಲುವುದು ಈ ದೂರಕ್ಕಲ್ಲ, ಪಲಮನೇರು ದಾಟಿದ ಮೇಲೆ ಸಿಗುವ ಮೊಗಿಲಿ ಘಾಟಿಯ ಇಳಿಜಾರಿಗೆ. ಇಳಿಯುವಾಗ ಇಡೀ ಮೈಭಾರವನ್ನು ತೊಡೆಯ ಮುಂದಿನ ಸ್ನಾಯು ತಡೆದು ಹಿಡಿಯಬೇಕು. ಅದಕ್ಕೆ ಪಳಗದ ತೊಡೆ ಮರುದಿನ ಕೂತಲ್ಲಿಂದ ಏಳಗೊಡುವುದಿಲ್ಲ. ಕುಂಟಿ ನಡೆದರೆ ಮಂಡಿಯೂ ಹಿಡಿಯುತ್ತದೆ. ಆಗಿನ್ನೂ ತಿರುಮಲ ಬೆಟ್ಟ ಹತ್ತುವ ಅಲಿಪಿರಿಯ 3550 ಮೆಟ್ಟಿಲು ಬಾಕಿ!

ತಯಾರಿಗೆ ಎಂಟು ವಾರ ಬೇಕು. ವಾರದಲ್ಲಿ ನಾಲ್ಕು ದಿನ 5 ಕಿ.ಮೀ., ಭಾನುವಾರ ಮಾತ್ರ ಉದ್ದದ ನಡಿಗೆ: 8ರಿಂದ ಶುರುಮಾಡಿ ಆರನೇ ವಾರಕ್ಕೆ 20 ಮುಟ್ಟಿಸಿ. ಏಳನೇ ವಾರ ಶನಿವಾರ 20, ಭಾನುವಾರ 18. ಇದೊಂದನ್ನು ತಪ್ಪಿಸಲೇಬೇಡಿ, ನೋಯುವ ಕಾಲಲ್ಲಿ ಮತ್ತೆ ನಡೆಯುವುದು ಹೇಗೆಂದು ಮೈಗೆ ಗೊತ್ತಾಗುವುದು ಆಗಲೇ. ಕೊನೆಯ ವಾರ ದಿನಕ್ಕೆ ಮೂರ್ನಾಲ್ಕು ಕಿ.ಮೀ. ಸಾಕು.

ವಾರಕ್ಕೆ ಎರಡು ಸಲ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿಳಿಯಿರಿ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಪಾದ ದಬ್ ಎಂದು ಬಿದ್ದರೆ ಭಾರ ಸ್ನಾಯುವಿಗಲ್ಲ, ಮಂಡಿಗೆ ಹೋಗುತ್ತಿದೆ ಎಂದೇ ಅರ್ಥ. ಚಿಕ್ಕಬಳ್ಳಾಪುರದವರಿಗೆ ನಂದಿಬೆಟ್ಟದ ಮೆಟ್ಟಿಲುಗಳಿವೆ.

ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಹೊಸ ಶೂನಲ್ಲಿ ಯಾತ್ರೆ ಹೊರಡಬೇಡಿ. ಬೊಬ್ಬೆ ಏಳುವುದು ಬೆವರು, ಉಜ್ಜಾಟ ಎರಡೂ ಸೇರಿದಾಗ. ಬರೀ ಹತ್ತಿಯ ಸಾಕ್ಸ್ ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ. ಹೊರಡುವ ಮುನ್ನವೇ, ಪಾದ ಒಣಗಿರುವಾಗ, ಹಿಮ್ಮಡಿಗೆ ಮೈಕ್ರೋಪೋರ್ ಟೇಪ್ (ಬ್ಯಾಂಡೇಜಿಗೆ ಬಳಸುವ ಕಾಗದದಂಥ ಟೇಪ್) ಅಂಟಿಸಿ. ಮೂಲೆಗಳನ್ನು ಕತ್ತರಿಯಲ್ಲಿ ಗುಂಡಗೆ ಮಾಡಿ, ಒಂದು ಸುಕ್ಕೂ ಇರಬಾರದು. ದಾರಿಯಲ್ಲಿ ಚುರುಗುಟ್ಟಿದ ಕೂಡಲೇ ನಿಂತು ನೋಡಿ, 'ಮುಂದಿನ ಊರಲ್ಲಿ ನೋಡೋಣ' ಎನ್ನಬೇಡಿ. ಎದ್ದ ಬೊಬ್ಬೆಯ ಚರ್ಮ ಕೀಳಬೇಡಿ. ಪಂಚೆ ಉಡುವವರು ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ.

ಹರಕೆ ಬರಿಗಾಲಿನದಾದರೆ ಎಂಟು ವಾರವೂ ಬರಿಗಾಲಲ್ಲೇ ಅಭ್ಯಾಸ ಮಾಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ದಯವಿಟ್ಟು ಬರಿಗಾಲಲ್ಲಿ ಹೋಗಬೇಡಿ. ಗಾಯವಾದದ್ದೇ ಅವರಿಗೆ ತಿಳಿಯುವುದಿಲ್ಲ.

ಘಾಟಿ ಇಳಿದ ಮೇಲೆ ಬಿಸಿಲು ನಮ್ಮೂರಿನದಲ್ಲ. ನಸುಕಿನ ಮೂರೂವರೆಗೆ ಹೊರಟು ಹತ್ತಕ್ಕೆ ನೆರಳು ಸೇರಿ, ಮತ್ತೆ ನಾಲ್ಕಕ್ಕೆ ಹೊರಡಿ. ಕತ್ತಲಲ್ಲಿ ರಸ್ತೆಯ ಬಲಗಡೆ, ಎದುರು ಬರುವ ಗಾಡಿ ಕಾಣುವಂತೆ ನಡೆಯಿರಿ. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುತ್ತಿದ್ದರೆ ಮೈಯ ಉಪ್ಪಿನಂಶ ಇಳಿದು ತಲೆಸುತ್ತು, ವಾಂತಿ ಬರಬಹುದು. ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ, ಓಆರ್‌ಎಸ್ ಇರಲಿ. ನೀರು ಕಡಿಮೆಯಾದ ಮೈಗೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು.

ಅಲಿಪಿರಿಯಲ್ಲಿ ದೇವಸ್ಥಾನದವರೇ ಲಗೇಜನ್ನು ಉಚಿತವಾಗಿ ಬೆಟ್ಟಕ್ಕೆ ಸಾಗಿಸುತ್ತಾರೆ. ಚೀಲ ಅಲ್ಲಿ ಕೊಟ್ಟು, ರಸೀದಿ ಜೋಪಾನ ಮಾಡಿ, ನೀರಿನ ಬಾಟಲಿ ಮಾತ್ರ ಹಿಡಿದು ಹತ್ತಿ.