ಒಳಗ ಬಿಟ್ಟ ಅರಿವಿ

ಈ ಸಲ ಬನದ ಹುಣ್ಣಿಮೆಗೆ ಅವ್ವ ಹೊಲಿದ ಕುಪ್ಪಸ ತೊಟ್ಟೇ ಬಾದಾಮಿ ಹತ್ತಿರದ ಬನಶಂಕರಿಯ ಜಾತ್ರೆಗೆ ಹೋಗಬೇಕು ಅನ್ನಿಸಿದ್ದು ಟ್ರಂಕು ತೆಗೆದಾಗ. ಗುಳೇದಗುಡ್ಡದ ಖಣ, ಕುಪ್ಪಸಕ್ಕೆಂದೇ ನೇಯುವ ಬಟ್ಟೆ. ನೇರಳೆ ಮೈ, ಕೆಂಪು ಅಂಚು, ಒಡಲ ತುಂಬ ಸಣ್ಣ ಸಣ್ಣ ತೇರು. ಹಾಸು ರೇಷ್ಮೆ, ಹೊಕ್ಕು ಹತ್ತಿ; ನೋಡಲು ಮಿಂಚು, ಮೈಗೆ ತಂಪು. ನನ್ನ ಮದುವೆಯಾದ 1989ರಲ್ಲಿ ಅವ್ವ ಸೂಜಿಯಲ್ಲೇ ಹೊಲಿದದ್ದು. ಮಗಳು ನೋಡಿ “ಮಮ್ಮಿ, ಇದು ವಿಂಟೇಜ್!” ಅಂದಳು. ಇದ್ದೀತು. ನನಗೆ ಬಂದದ್ದು ಒಣ ಬೇವಿನೆಲೆಯ ವಾಸನೆ, ಅದರ ಅಡಿಯಲ್ಲೆಲ್ಲೋ ಅವ್ವನ ಸೆರಗಿನ ವಾಸನೆ.

ತೊಡಲು ಹೋದರೆ ತೋಳು ಅರ್ಧಕ್ಕೇ ನಿಂತಿತು. ಇಷ್ಟು ವರ್ಷದ ರೊಟ್ಟಿ, ಹೋಳಿಗೆ ಎಲ್ಲಿಗೆ ಹೋಗಬೇಕು! ನಗು ಬರಬೇಕಿತ್ತು, ಕಣ್ಣೀರು ಬಂತು. ಮತ್ತೆ ಮಡಚಿಡೋಣವೆಂದು ಉಲ್ಟಾ ಮಾಡಿದಾಗ ಕಂಡಿತು: ಎರಡೂ ಪಕ್ಕಕ್ಕೆ, ಕಂಕುಳಿಂದ ಕೆಳತನಕ, ಹೊಲಿಗೆಯ ಒಳಗೆ ಎರಡೆರಡು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದಾಳೆ. ಹೊಲಿಯುವಾಗ ಅವಳು ಗೊಣಗುತ್ತಿದ್ದ ಮಾತು ನೆನಪಾಯಿತು: “ಮೈ ಬೆಳೀತದ, ಅರಿವಿ ಬೆಳ್ಯಾಂಗಿಲ್ಲ. ಒಳಗ ಬಿಟ್ಟಿರಬೇಕು.”

ಆ ರಾತ್ರಿ ದೇವರ ಮುಂದೆ ಕೂತು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ. ಅಕ್ಕಿಕಾಳಿಗಿಂತ ಚಿಕ್ಕ ಹೊಲಿಗೆ. ನಾಲ್ಕು ಮುಂದೆ ಹೋದರೆ ಒಂದು ಹಿಂದಕ್ಕೆ ಬಂದು ಮತ್ತೆ ಮುಂದೆ. ಒಂದು ಕಡೆ ದಾರ ಹರಿದರೂ ಎಲ್ಲ ಬಿಚ್ಚಿಕೊಳ್ಳಬಾರದಲ್ಲ. ಹೊರಗಿನ ನೇರಳೆ ಬೂದಿಗೆ ತಿರುಗಿದೆ. ಮಡಿಕೆ ತೆರೆದಾಗ ಒಳಗಿನದು ಈಗಷ್ಟೇ ಕಿತ್ತ ನೇರಳೆ ಹಣ್ಣಿನಂತೆ! ಬೆಳಕನ್ನೇ ಕಾಣದ ಬಣ್ಣ. ಅದನ್ನು ಕೆನ್ನೆಗೆ ಒತ್ತಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ದೀಪದ ಎಣ್ಣೆ ತೀರಿತ್ತು.

ಬನಶಂಕರಿಯೇ ಶಾಕಂಬರಿ; ಅವಳ ಕಥೆ ನಿಮಗೆಲ್ಲ ಗೊತ್ತು. ಬರಗಾಲ ಕಂಡು ನೂರು ಕಣ್ಣಿಂದ ಅತ್ತಳು, ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಮಕ್ಕಳಿಗೆ ಉಣಿಸಿದಳು. ಅದಕ್ಕೇ ಹುಣ್ಣಿಮೆಯ ಹಿಂದಿನ ದಿನ ಪಲ್ಯದ ಹಬ್ಬ, 108 ಬಗೆಯ ಪಲ್ಯದ ನೈವೇದ್ಯ. ಚಿಕ್ಕವಳಿದ್ದಾಗ ನನಗದು ಊಟದ ಕಥೆ. ಈಗ ಆ ಎರಡು ಬೆರಳು ಬಟ್ಟೆ ನೋಡಿದ ಮೇಲೆ ಬೇರೆ ಏನೋ. ನಮ್ಮ ಬರಗಾಲ ನಮಗಿಂತ ಮೊದಲೇ ತಾಯಂದಿರಿಗೆ ಕಾಣುತ್ತದೆಯೇ?

ಖಣ ನೇಯುವ ದೇವಾಂಗದವರಿಗೂ ಬನಶಂಕರಿಯೇ ಕುಲದೇವಿ. ಅಂಥ ತಾಯಿಗೆ ನಾವು ಉಡಿ ತುಂಬುವುದು ಯಾವುದರಿಂದ? ಹೇಳಿದರೆ ಸಿಟ್ಟಾಗಬೇಡಿ. ಶ್ರಾವಣದ ಶುಕ್ರವಾರ ನಾನು ಕೊಟ್ಟ ಹಳದಿ ಜಂಪರ್ ಪೀಸು ನಾಲ್ಕು ಮನೆ ಸುತ್ತಿ ದಸರೆಗೆ ನನ್ನ ಉಡಿಗೇ ಬಂತು. ಮೂಲೆಯ ಕುಂಕುಮದ ಕಲೆಯಿಂದ ಗುರುತು ಸಿಕ್ಕಿತು. ಹೊಲಿಸಿದರೆ ಒಂದು ತೋಳಿಗೂ ಸಾಲದ ಬಟ್ಟೆ. ಅವ್ವ ಉಡಿಯಲ್ಲಿ ಇಡುತ್ತಿದ್ದ ಖಣ ಇಸಿದುಕೊಂಡವಳ ಮೈಮೇಲೆ ಮುಂದಿನ ಹಬ್ಬಕ್ಕೆ ಕಾಣುತ್ತಿತ್ತು. ಈಗ ಉಡಿಯೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟದ್ದು ಸಿಗುತ್ತದೆ: ಮುಗ್ಗು ಹಿಡಿದ ಉತ್ತತ್ತಿ, ಬೆರಳಷ್ಟೂ ಇಲ್ಲದ ಅರಿಶಿನ ಕೊಂಬು. ನಾನೂ ಎಷ್ಟೋ ಸಲ ಅದನ್ನೇ ಒಯ್ದವಳು. ಈ ಸಲ ಖಣ ಕೊಂಡು, ಬಿಡಿಸಿ ಅಳತೆ ನೋಡಿಯೇ ಒಯ್ದೆ.

ಜಾತ್ರೆಯ ಗದ್ದಲ, ತೇರಿನ ಹಗ್ಗ, ಹೊಂಡದ ದಂಡೆಯಲ್ಲಿ ರೊಟ್ಟಿ-ಮೊಸರು ಮಾರುವವರ ಕೂಗು ಯಾವುದೂ ನನ್ನ ತಲೆಯಲ್ಲಿ ಸರಿಯಾಗಿ ಉಳಿದಿಲ್ಲ. ಸಾಲಿನಲ್ಲಿ ನಿಂತಿದ್ದಾಗ ಹಿಂದಿದ್ದ ಮುದುಕಿಯೊಬ್ಬಳು ನನ್ನ ಕುಪ್ಪಸದ ಪಕ್ಕದ ಹೊಲಿಗೆಗೆ ಬೆರಳಿಟ್ಟಳು. ಮಾಸಿದ ಬಟ್ಟೆಯ ನಡುವೆ ಅಲ್ಲೊಂದು ಕಡು ನೇರಳೆ ಪಟ್ಟಿ ಕಾಣುತ್ತಿತ್ತು.

“ಯವ್ವಾ, ಕೈ ಹೊಲಿಗಿ ಅಲ್ಲೇನ ಇದು?”

“ಹೌದ್ರಿ. ನಮ್ಮವ್ವಂದು.”

“ಬಿಚ್ಚೀಯಲ್ಲ. ಇನ್ನೂ ಉಳದೈತೇನು ಒಳಗ?”

ಒಳಗೆ ಮಂಗಳಾರತಿಯ ಗಂಟೆ ಶುರುವಾಗಿತ್ತು. ಜನ ಮುಂದಕ್ಕೆ ನೂಕಿದರು. ತಿರುಗಿ ನೋಡದೆಯೇ ಕೂಗಿ ಹೇಳಿದೆ:

“ಒಂದ್ ಬೆರಳು ಐತ್ರಿ.”