ಸ್ಪರ್ಧೆಗೆ ಪಿಸ್ತೂಲು ಕೊಳ್ಳುವ ಮುನ್ನ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರಲ್ಲಿ ಪ್ರಾಕ್ಟಿಕಲ್ ಶೂಟಿಂಗ್ ಸ್ಪರ್ಧೆಗಳ ಕಡೆಗೆ ಆಸಕ್ತಿ ಮೂಡಿಸಿಕೊಂಡವರೆಲ್ಲ ನನ್ನನ್ನು ಮೊದಲು ಕೇಳುವುದು, ಯಾವ ಪಿಸ್ತೂಲು ಕೊಳ್ಳಬೇಕು ಎಂದು. ಯಾವ ವಿಭಾಗದಲ್ಲಿ (ಪಿಸ್ತೂಲಿನ ಬಗೆಗೆ ತಕ್ಕಂತೆ ಸ್ಪರ್ಧಿಗಳನ್ನು ವಿಂಗಡಿಸುವ ಗುಂಪಿನಲ್ಲಿ) ಸ್ಪರ್ಧಿಸುತ್ತೀರಿ, ನಿಮ್ಮ ತೋರುಬೆರಳು ಟ್ರಿಗರ್‌ವರೆಗೆ ಹೇಗೆ ತಲಪುತ್ತದೆ ಎಂದು ನಾನು ಅವರನ್ನು ತಿರುಗಿ ಕೇಳುತ್ತೇನೆ. ಇವೆರಡನ್ನು ತಿಳಿದುಕೊಳ್ಳದೆ ಅಂಗಡಿಗೆ ಹೋದವರು ಬೇರೊಬ್ಬರ ಕೈಗೆ ಒಪ್ಪುವ ಪಿಸ್ತೂಲನ್ನು ದುಡ್ಡು ಕೊಟ್ಟು ತರುವ ಸಾಧ್ಯತೆಯೇ ಹೆಚ್ಚು.

ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಪಿಎಸ್‌ಸಿ ಹುಟ್ಟಿದ್ದು 1976ರ ಮೇ ತಿಂಗಳಲ್ಲಿ, ಮಿಸೌರಿ ರಾಜ್ಯದ ಕೊಲಂಬಿಯಾ ನಗರದಲ್ಲಿ ನಡೆದ ಸಮಾವೇಶದಲ್ಲಿ. ಅದರ ಮೊದಲ ಅಧ್ಯಕ್ಷರು ಜೆಫ್ ಕೂಪರ್. ನಿಖರತೆ, ಬಲ, ವೇಗ ಎಂಬ ಮೂರನ್ನೂ ಒಟ್ಟಿಗೆ ಪರೀಕ್ಷಿಸಬೇಕೆಂಬುದು ಅದರ ಧ್ಯೇಯವಾಕ್ಯ, ಇಂದಿನ ನಿಯಮಗಳೆಲ್ಲ ಅದರಿಂದಲೇ ಹೊರಟಿವೆ. ಅಮೆರಿಕದಲ್ಲಿ ಸ್ಪರ್ಧೆಗಳನ್ನು ನಡೆಸುವ ಅಂಗಸಂಸ್ಥೆ ಯುಎಸ್‌ಪಿಎಸ್‌ಎ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಕೋವಿ ಹಿಡಿದು ಗುರಿಯಿಡುವುದನ್ನು ನೋಡಿದವರಿಗೆ ಶೂಟಿಂಗ್ ಎಂದರೆ ಉಸಿರು ಬಿಗಿಹಿಡಿದು ಹೊಡೆಯುವ ಒಂದೇ ಒಂದು ಗುಂಡು. ಇಲ್ಲಿ ಮಾತ್ರ ಸ್ಪರ್ಧಿ ಓಡುತ್ತಾ, ಗೋಡೆಗಳ ಅಂಚಿನಿಂದ ಇಣುಕುತ್ತಾ, ಒಂದು ಸ್ಟೇಜಿನಲ್ಲಿ, ಅಂದರೆ ಪಂದ್ಯದ ಒಂದು ಸುತ್ತಿನಲ್ಲಿ, 32 ಗುಂಡುಗಳವರೆಗೂ ಹೊಡೆಯುತ್ತಾನೆ. ಕೊನೆಗೆ ಗಳಿಸಿದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಆ ಭಾಗಲಬ್ಧಕ್ಕೆ ಹಿಟ್ ಫ್ಯಾಕ್ಟರ್ ಎಂದು ಹೆಸರು.

ಪಿಸ್ತೂಲಿನ ಆಯ್ಕೆ ಈ ಲೆಕ್ಕವನ್ನೇ ಅವಲಂಬಿಸಿರುವುದರಿಂದ ಒಂದು ಉದಾಹರಣೆ ಕೊಡುತ್ತೇನೆ. 24 ಗುಂಡುಗಳ ಸ್ಟೇಜಿನಲ್ಲಿ ಎಲ್ಲವೂ ಗುರಿಹಲಗೆಯ ನಡುವಿನ ಎ ವಲಯಕ್ಕೆ ಬಿದ್ದರೆ, ಗುಂಡಿಗೆ 5ರಂತೆ 120 ಅಂಕ. ಅದನ್ನು 20 ಸೆಕೆಂಡಿನಲ್ಲಿ ಮುಗಿಸಿದರೆ ಹಿಟ್ ಫ್ಯಾಕ್ಟರ್ 6. ಮೈನರ್ ಎಂಬ ಕಡಿಮೆ ಬಲದ ಗುಂಡು ಬಳಸುವವರಿಗೆ ಅದರ ಸುತ್ತಲಿನ ಸಿ ವಲಯದಲ್ಲಿ ಸಿಗುವುದು 3 ಅಂಕ ಮಾತ್ರ, ಹಾಗಾಗಿ ಮೂರು ಗುಂಡುಗಳು ಸಿ ವಲಯಕ್ಕೆ ಸರಿದರೆ 114 ಅಂಕ ಉಳಿಯುತ್ತದೆ, ಮತ್ತು ಅದೇ 6 ಬರಬೇಕಾದರೆ 19 ಸೆಕೆಂಡಿನಲ್ಲಿ ಮುಗಿಸಬೇಕು. ಒಂದು ಗುಂಡು ಗುರಿಹಲಗೆಯನ್ನೇ ತಪ್ಪಿದರೆ ಆ 5 ಅಂಕವೂ ಹೋಗಿ ಮೇಲೆ 10 ಅಂಕದ ದಂಡವೂ ಬೀಳುವುದರಿಂದ, ಆ ಒಂದು ತಪ್ಪು ಎರಡೂವರೆ ಸೆಕೆಂಡಿಗೆ ಸಮ. ಆದ್ದರಿಂದ ಅವಸರದಲ್ಲಿಯೂ ಗುರಿಯನ್ನು ಕದಲಿಸದ ಪಿಸ್ತೂಲೇ ಇಲ್ಲಿ ವೇಗದ ಪಿಸ್ತೂಲು.

ಮೈನರ್, ಮೇಜರ್ ಎಂಬ ಭೇದ ಹುಟ್ಟಿದ್ದು ಬಲವನ್ನು ಅಳೆಯುವ ಪವರ್ ಫ್ಯಾಕ್ಟರ್‌ನಿಂದ. ಗ್ರೇನ್ ಎಂಬ ಸಣ್ಣ ತೂಕದ ಅಳತೆಯಲ್ಲಿ ಗುಂಡಿನ ತೂಕವನ್ನು ಸೆಕೆಂಡಿಗೆ ಇಷ್ಟು ಅಡಿ ಎಂಬ ವೇಗದಿಂದ ಗುಣಿಸಿ 1000ದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಮೈನರ್‌ಗೆ ಕನಿಷ್ಠ 125 ಬೇಕು. ಯುಎಸ್‌ಪಿಎಸ್‌ಎ ನಿಯಮದಲ್ಲಿ ಮೇಜರ್‌ಗೆ 165. ಮೇಜರ್ ಗುಂಡಿನ ಒದೆತ ಹೆಚ್ಚು, ಅದಕ್ಕೆ ಪ್ರತಿಯಾಗಿ ಸಿ ವಲಯದಲ್ಲಿ 4 ಅಂಕ ಕೊಡುತ್ತಾರೆ. ಲಿಮಿಟೆಡ್ ಮತ್ತು ಓಪನ್ ವಿಭಾಗಗಳಲ್ಲಿ ಈ ಲಾಭ ಪಡೆಯಬಹುದು, ಆದರೆ ಅಲ್ಲಿ ಮುಂಚೂಣಿಯಲ್ಲಿರುವವರ ಕೈಯಲ್ಲಿರುವುದು ಕುಶಲಕರ್ಮಿಗಳು ತಿದ್ದಿ ಕಟ್ಟಿಕೊಟ್ಟ ಸಾವಿರಾರು ಡಾಲರುಗಳ ಪಿಸ್ತೂಲುಗಳು, ಮತ್ತು ಅವರಲ್ಲಿ ಬಹುಪಾಲು ಜನ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಹೊಸಬರಿಗೆ ನಾನು ಪ್ರೊಡಕ್ಷನ್ ಅಥವಾ ಕ್ಯಾರಿ ಆಪ್ಟಿಕ್ಸ್ ವಿಭಾಗಗಳನ್ನಷ್ಟೇ ಸೂಚಿಸುತ್ತೇನೆ. ಎರಡರಲ್ಲೂ ಎಲ್ಲರ ಅಂಕಗಳನ್ನೂ ಮೈನರ್ ಎಂದೇ ಎಣಿಸುತ್ತಾರೆ, ಆದ್ದರಿಂದ ಎಲ್ಲೆಡೆ ಸಿಗುವ 9 ಎಂಎಂ ತೋಟಾ ಸಾಕು. ಪ್ರೊಡಕ್ಷನ್‌ನಲ್ಲಿ ಮ್ಯಾಗಜೀನಿಗೆ (ತೋಟಾಗಳ ಡಬ್ಬಿಗೆ) 15 ಗುಂಡುಗಳ ಮಿತಿಯಿದೆ. ಕ್ಯಾರಿ ಆಪ್ಟಿಕ್ಸ್‌ನಲ್ಲಿ ಮ್ಯಾಗಜೀನಿನ ಉದ್ದಕ್ಕೆ ಮಾತ್ರ ಮಿತಿಯಿದೆ, ಇಪ್ಪತ್ತಕ್ಕೂ ಹೆಚ್ಚು ಗುಂಡುಗಳು ಹಿಡಿಸುತ್ತವೆ, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡಿನ ಮೇಲೆ ಕೆಂಪು ಚುಕ್ಕೆಯ ದರ್ಶಕವೂ ಇರುತ್ತದೆ.

ಇನ್ನು ಕೈಯ ವಿಷಯ. ಇದರ ಬಗ್ಗೆ ನನಗೆ ಹೇಳಲು ಹೆಚ್ಚಿದೆ, ಏಕೆಂದರೆ ಕೊಳ್ಳುವವರು ಅತಿ ಕಡಿಮೆ ಗಮನ ಕೊಡುವುದು ಇದಕ್ಕೇ. ಪಿಸ್ತೂಲಿನ ಹಿಡಿಯನ್ನು ಎಷ್ಟು ಮೇಲಕ್ಕೆ ಸಾಧ್ಯವೋ ಅಷ್ಟು ಮೇಲೆ ಹಿಡಿದು, ನಳಿಗೆ ಮುಂಗೈಯ ನೇರಕ್ಕೆ ಬರುವಂತೆ ಇಟ್ಟುಕೊಂಡಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ನೇರವಾಗಿ ಕೂರಬೇಕು. ಬೆರಳು ಗಿಡ್ಡವಾಗಿದ್ದು ಟ್ರಿಗರ್ ದೂರವಿದ್ದರೆ, ಅದನ್ನು ಮುಟ್ಟಲೆಂದೇ ಕೈ ಹಿಡಿಯ ಸುತ್ತ ತಿರುಗುತ್ತದೆ. ಆಗ ಒದೆತವು ಅಂಗೈಗೆ ಬದಲು ಹೆಬ್ಬೆರಳಿನ ಬುಡಕ್ಕೆ ಬಂದು ಬೀಳುತ್ತದೆ, ಎರಡನೆಯ ಗುಂಡಿನ ಹೊತ್ತಿಗೆ ಗುರಿ ಒಂದು ಪಕ್ಕಕ್ಕೆ ವಾಲಿರುತ್ತದೆ.

ಜೆಕ್ ದೇಶದ ಸಿಝಡ್ ಕಂಪನಿಯ ಶ್ಯಾಡೋ 2 ಈ ವಿಭಾಗಗಳಲ್ಲಿ ಬಹಳ ಜನಪ್ರಿಯ. ಅದರ ಉಕ್ಕಿನ ಚೌಕಟ್ಟು, ಚೌಕಟ್ಟಿನ ಒಳಗಡೆ ಜಾರುವ ತಗ್ಗಾದ ಸ್ಲೈಡ್, ಕೈಗೆ ಹತ್ತಿರವಾಗಿರುವ ನಳಿಗೆ, ಇವೆಲ್ಲ ಸೇರಿ ಒದೆತವನ್ನು ಚೆನ್ನಾಗಿ ತಗ್ಗಿಸುತ್ತವೆ. ಆದರೆ ಅದು ಡಬಲ್ ಆಕ್ಷನ್ ಪಿಸ್ತೂಲು. ಮೊದಲ ಗುಂಡಿಗೆ ಟ್ರಿಗರ್ ಬಹಳ ಮುಂದಿರುತ್ತದೆ, ಅದರ ಒಂದೇ ಎಳೆತದಲ್ಲಿ ಹ್ಯಾಮರ್, ಅಂದರೆ ತೋಟಾ ಸಿಡಿಸಲು ಬಡಿಯುವ ಪುಟ್ಟ ಸುತ್ತಿಗೆ, ಮೇಲೆದ್ದು ಬೀಳಬೇಕು. ಅಲ್ಲಿಂದ ಮುಂದೆ ಸ್ಲೈಡ್ ತಾನೇ ಹ್ಯಾಮರನ್ನು ಎತ್ತಿಡುವುದರಿಂದ ಎಳೆತ ಗಿಡ್ಡವೂ ಹಗುರವೂ ಆಗುತ್ತದೆ. ಈ ಎರಡು ವಿಭಾಗಗಳಲ್ಲಿ ಹ್ಯಾಮರ್ ಕೆಳಗಿಳಿದ ಸ್ಥಿತಿಯಲ್ಲೇ ಸ್ಟೇಜ್ ಆರಂಭಿಸಬೇಕೆಂಬುದು ನಿಯಮ. ಶ್ಯಾಡೋ 2ರಲ್ಲಿ ಹ್ಯಾಮರ್ ಇಳಿಸುವ ಸನ್ನೆಯಾಗಲಿ, ತೋಟಾವನ್ನು ಸಿಡಿಸುವ ಮೊಳೆಯಾದ ಫೈರಿಂಗ್ ಪಿನ್ನಿಗೆ ತಡೆಯಾಗಲಿ ಇಲ್ಲ. "ಮೇಕ್ ರೆಡಿ" ಎಂಬ ಆಜ್ಞೆ ಬಂದ ಮೇಲೆ ನಳಿಗೆಯಲ್ಲಿ ಗುಂಡು ಇರುವಾಗಲೇ, ನಳಿಗೆಯನ್ನು ಮಣ್ಣುದಿಬ್ಬದತ್ತ ನೇರವಾಗಿ ಇಟ್ಟು, ಎಡಗೈಯ ಹೆಬ್ಬೆರಳು ತೋರುಬೆರಳುಗಳಿಂದ ಹ್ಯಾಮರನ್ನು ಚಿವುಟಿ ಹಿಡಿದು, ಟ್ರಿಗರ್ ಒತ್ತಿ, ನಿಧಾನವಾಗಿ ಕೆಳಗಿಳಿಸಬೇಕು. ಬೆವತ ಬೆರಳಿನಿಂದ ಅದು ಜಾರಿ ಗುಂಡು ಹಾರಿದರೆ ಸ್ಪರ್ಧಿ ಅಂದಿನ ಪಂದ್ಯದಿಂದ ಅನರ್ಹನಾಗುತ್ತಾನೆ. ಖಾಲಿ ಪಿಸ್ತೂಲಿನಲ್ಲಿ ಈ ಅಭ್ಯಾಸವನ್ನು ಶ್ರದ್ಧೆಯಿಂದ ಮಾಡಲು ಮನಸ್ಸಿಲ್ಲದವರು ಗ್ಲಾಕ್ ಮಾದರಿಯ, ಹ್ಯಾಮರ್ ಇಲ್ಲದ, ಪ್ರತಿ ಗುಂಡಿಗೂ ಒಂದೇ ತೆರನಾದ ಎಳೆತವಿರುವ ಪಿಸ್ತೂಲನ್ನು ಕೊಳ್ಳುವುದೇ ಸರಿ.

ತೂಕವನ್ನು ಎಲ್ಲರೂ ಹೊಗಳುತ್ತಾರೆ, ಅದರಲ್ಲಿ ಸತ್ಯವೂ ಇದೆ. ಶ್ಯಾಡೋ 2 ಖಾಲಿ ಇರುವಾಗಲೇ ಸುಮಾರು 1.3 ಕಿಲೊ ತೂಗುತ್ತದೆ. ಪ್ಲಾಸ್ಟಿಕ್ ಚೌಕಟ್ಟಿನ ಗ್ಲಾಕ್ 17 ಸುಮಾರು 700 ಗ್ರಾಂ. ಭಾರವಾದ ಪಿಸ್ತೂಲು ಕಡಿಮೆ ಕುಣಿಯುತ್ತದೆ, ಟ್ರಿಗರನ್ನು ಒರಟಾಗಿ ಎಳೆದರೂ ಕ್ಷಮಿಸುತ್ತದೆ. ಆದರೆ ಒಂದು ಗುರಿಹಲಗೆಯಿಂದ ಇನ್ನೊಂದಕ್ಕೆ ತಿರುಗಿಸಿ ಅಲ್ಲಿಯೇ ನಿಲ್ಲಿಸಲು ಅದಕ್ಕೆ ಮುಂಗೈಯಲ್ಲಿ ಕಸುವು ಬೇಕು, ಮತ್ತು ಮನೆಯಲ್ಲಿ ಖಾಲಿ ಪಿಸ್ತೂಲು ಹಿಡಿದು ದಿನವೂ ಅಭ್ಯಾಸ ಮಾಡುವವರ ಮೊಣಕೈಗೆ ಆ ತೂಕ ಬೇಗ ಗೊತ್ತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕೈಗೆ ಹೊಂದದ ಭಾರದ ಪಿಸ್ತೂಲಿಗಿಂತ ಕೈಗೆ ಹೊಂದುವ ಹಗುರದ ಪಿಸ್ತೂಲು ಮೇಲು.

ಹೊಂದುತ್ತದೆಯೇ ಎಂದು ನೋಡಲು ಹತ್ತಿರದ ಕ್ಲಬ್ಬಿನ ಪಂದ್ಯಕ್ಕೆ ಪ್ರೇಕ್ಷಕರಾಗಿ ಹೋಗುವುದು ಅತ್ಯುತ್ತಮ ದಾರಿ. ಅಲ್ಲಿ ಕಂಡಕಂಡಲ್ಲಿ ಪಿಸ್ತೂಲನ್ನು ಹೋಲ್ಸ್ಟರ್‌ನಿಂದ ತೆಗೆಯುವಂತಿಲ್ಲ; ಅದಕ್ಕೆಂದೇ ಸೇಫ್ ಏರಿಯಾ ಎಂಬ ಜಾಗವಿರುತ್ತದೆ, ಅಲ್ಲಿ ತೋಟಾಗಳನ್ನು ಮುಟ್ಟುವಂತಿಲ್ಲ. ವಿನಯದಿಂದ ಕೇಳಿದರೆ ಸ್ಪರ್ಧಿಗಳು ತಮ್ಮ ಪಿಸ್ತೂಲನ್ನು ಆ ಜಾಗಕ್ಕೆ ತಂದು ಸಂತೋಷದಿಂದ ಕೈಗಿಡುತ್ತಾರೆ. ದಿಬ್ಬದ ಮೇಲೆ ಒಂದು ಚುಕ್ಕೆಯನ್ನು ಗುರುತಿಸಿಕೊಂಡು, ಕಣ್ಣು ಮುಚ್ಚಿ ಪಿಸ್ತೂಲನ್ನು ಮುಂದೆ ಚಾಚಿ, ಕಣ್ಣು ತೆರೆದು ಗುರಿ ನೋಡುವ ಸೈಟ್‌ಗಳು ಎಲ್ಲಿವೆಯೆಂದು ನೋಡಬೇಕು. ಗ್ಲಾಕಿನ ಹಿಡಿ ಹೆಚ್ಚು ಓರೆಯಾಗಿರುವುದರಿಂದ ಕೆಲವರಿಗೆ ನಳಿಗೆ ಮೇಲ್ಮುಖವಾಗಿ ನಿಲ್ಲುತ್ತದೆ. ಕೆಂಪು ಚುಕ್ಕೆಯ ದರ್ಶಕವಿದ್ದರೆ ಚುಕ್ಕೆಯೇ ಕಾಣದೆ ಗಾಜಿನಲ್ಲಿ ಹುಡುಕಬೇಕಾಗುತ್ತದೆ. ಬಳಿಕ ನಿಧಾನವಾಗಿ ಡಬಲ್ ಆಕ್ಷನ್ ಎಳೆತವನ್ನು ಪೂರ್ತಿ ಎಳೆದು, ಮುಂದಿನ ಸೈಟ್ ಅಲುಗಿತೇ ಎಂದು ಗಮನಿಸಬೇಕು.

ಮ್ಯಾಗಜೀನುಗಳು ಮಣ್ಣಿಗೆ, ಮರಳಿಗೆ ಬೀಳುವ ಸಾಮಾನು, ಐದಾರಾದರೂ ಇರಲಿ; ಅವು ಸುಲಭವಾಗಿ ಸಿಗದ ಅಪರೂಪದ ಮಾದರಿಯ ತಂಟೆ ಬೇಡ. ಕಡಿಮೆ ಬಲದ ತೋಟಾ ಬಳಸುವವರು ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗನ್ನೂ ಅದಕ್ಕೆ ತಕ್ಕಂತೆ ಹಗುರ ಮಾಡಿಕೊಳ್ಳದಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೋಶ ಸಿಕ್ಕಿಕೊಳ್ಳುತ್ತದೆ. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ ಪವರ್ ಫ್ಯಾಕ್ಟರ್ 130. ಚಳಿಯಲ್ಲಿ ವೇಗ ತುಸು ಕುಸಿದರೂ 125ರ ಕೆಳಗಿಳಿಯುವ ಭಯವಿಲ್ಲ.

ಕಾನೂನಿನ ಒಂದು ಮಾತನ್ನು ನಮ್ಮವರಿಗಾಗಿ ವಿಶೇಷವಾಗಿ ಹೇಳಬೇಕು. ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿರುವವರು ಬಂದೂಕು, ತೋಟಾಗಳನ್ನು ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಇರುವಂಥ ಕೆಲವು ವಿನಾಯಿತಿಗಳಿವೆ, ಅವು ತಮಗೆ ಅನ್ವಯಿಸುತ್ತವೆಯೇ ಎಂಬುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳದೆ ಗೆಳೆಯರ ಪಿಸ್ತೂಲನ್ನು ಕೂಡ ಕೈಗೆತ್ತಿಕೊಳ್ಳಬಾರದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ಊರಿಗೆ ಮರಳುವ ಯೋಚನೆ ಇರುವವರು, ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ) ಎಂಬುದನ್ನು ನೆನಪಿಡಬೇಕು. ಸಾಮಾನ್ಯ ನಾಗರಿಕರಿಗೆ ಅದರ ಪರವಾನಗಿ ಸಿಗುವುದಿಲ್ಲ, ಆದ್ದರಿಂದ ಹೊರಡುವ ಮುನ್ನ ಪಿಸ್ತೂಲನ್ನು ಇಲ್ಲಿಯೇ ಪರವಾನಗಿ ಇರುವ ಅಂಗಡಿಯ ಮೂಲಕ ಮಾರಬೇಕಾಗುತ್ತದೆ.